ಶ್ಯಾವಿಗೆ ವಾರದ ಹವಾಮಾನ

ಪ್ರತಿ ಭಾನುವಾರ ಬೆಳಿಗ್ಗೆ ಚಹಾ ಆದ ಮೇಲೆ, ಮುಂದಿನ ಒಂದು ವಾರ ನಮ್ಮ ಸೀಮೆಯಲ್ಲಿ ಎಲ್ಲಿ ಬಿಸಿಲು, ಎಲ್ಲಿ ಮಳೆ ಎಂದು ನಾನು ತೀರ್ಮಾನ ಮಾಡುತ್ತೇನೆ. ನನ್ನದು ಕೊಪ್ಪಳದಲ್ಲಿ ಒಂದು ಬಟ್ಟೆ ಅಂಗಡಿ. ಮಳೆಗೂ ನಿನಗೂ ಏನು ಸಂಬಂಧ ಎಂದು ನನ್ನ ಹೆಂಡತಿ ಕೇಳುತ್ತಲೇ ಇರುತ್ತಾಳೆ. ಸಂಬಂಧ ಇಷ್ಟೇ: ನನ್ನ ಮೊಬೈಲಿನಲ್ಲಿ ಹವಾಮಾನ ಹೇಳುವ ಮೂರು ಆ್ಯಪ್ ಇವೆ, ಮತ್ತು ನನಗೆ ಮೂವರು ಅಕ್ಕಂದಿರಿದ್ದಾರೆ.

ದೊಡ್ಡಕ್ಕನನ್ನು ಕುಷ್ಟಗಿಗೆ ಕೊಟ್ಟಿದೆ, ನಡುವಿನಕ್ಕನನ್ನು ಗಂಗಾವತಿಗೆ, ಸಣ್ಣಕ್ಕನನ್ನು ಯಲಬುರ್ಗಾಕ್ಕೆ. ನಾನು ಎಲ್ಲರಿಗಿಂತ ಚಿಕ್ಕವನು. ತಲೆ ನರೆತರೂ ಈ ಮೂವರ ಮುಂದೆ ನನ್ನ ಮಾತು ಒಮ್ಮೆಯೂ ನಡೆದಿಲ್ಲ. ಬಟ್ಟೆ ಅಂಗಡಿಯವನು ನಾನು, ನನ್ನ ಮದುವೆಯ ಸೂಟಿನ ಬಣ್ಣ ಆರಿಸಿದವರು ಅವರು. ಅದೂ ಬದನೆಕಾಯಿ ಬಣ್ಣ. ಒಂದೇ ಒಂದು ವಿಷಯದಲ್ಲಾದರೂ ಇವರು ನನ್ನ ಮಾತು ಕೇಳಬೇಕು ಎಂಬ ಹಟದಿಂದಲೇ ನಾನು ಹವಾಮಾನಕ್ಕೆ ಕೈಹಾಕಿದ್ದು.

ಮನೆಯವರ ವಾಟ್ಸಾಪ್ ಗುಂಪಿಗೆ ಹೀಗೆ ಬರೆಯುತ್ತಿದ್ದೆ: "ಗಂಗಾವತಿ: ಮೋಡ, ಸೆಕೆ. ಕುಷ್ಟಗಿ: ಖಡಕ್ ಬಿಸಿಲು. ಯಲಬುರ್ಗಾ: ಬುಧವಾರ ಗುಡುಗು ಸಹಿತ ಮಳೆ. ಕೊಪ್ಪಳ: ಈಗಲೇ ಹೇಳಲಾಗದು." ಕೆಳಗೆ ಒಂದು ಕೊಡೆಯ ಚಿತ್ರ. ಮೂವರೂ ತಪ್ಪದೆ ಕೈಮುಗಿಯುವ ಚಿತ್ರ ಕಳಿಸುತ್ತಿದ್ದರು. ಅದನ್ನು ನಾನು ಗೌರವ ಎಂದು ತಿಳಿದಿದ್ದೆ.

ಯುಗಾದಿ ಮುಗಿದ ಹೊಸದು. ಒಂದು ಮದುವೆಯ ಜವಳಿ ಮುಟ್ಟಿಸಲು ಯಲಬುರ್ಗಾಕ್ಕೆ ಹೋಗಬೇಕಾಯಿತು. ಗುಡುಗು ಸಹಿತ ಮಳೆ ಎಂದು ನಾನೇ ಬರೆದಿದ್ದ ಬುಧವಾರ ಅದು, ಹಾಗಾಗಿ ಕೊಡೆ ಹಿಡಿದೇ ಹೋದೆ. ನೆತ್ತಿ ಸುಡುವ ಬಿಸಿಲು. ಸಣ್ಣಕ್ಕನ ಮನೆ ಮಾಳಿಗೆ ಹತ್ತಿದರೆ, ಕಾಲಿಡಲು ಜಾಗವಿಲ್ಲದಂತೆ ಹುಣಸೆಹಣ್ಣು ಹರವಿತ್ತು. ಮಳೆ ಬಂದರೆ ಮುಚ್ಚಲು ಒಂದು ತಾಡಪತ್ರಿ ಕೂಡ ಹತ್ತಿರದಲ್ಲಿ ಇರಲಿಲ್ಲ.

"ನನ್ನ ಮೆಸೇಜ್ ನೋಡಿಲ್ಲೇನು?" ಎಂದೆ.

"ನೋಡೀನಿ. ನೋಡೇ ಹಾಕೀನಿ," ಎಂದಳು.

ನಾನು ಬಾಯಿ ತೆರೆದು ನಿಂತಿದ್ದನ್ನು ಕಂಡು ತಿಳಿಸಿ ಹೇಳಿದಳು. "ನೀ ಮಳಿ ಅಂದ್ರ ಬಿಸಿಲು, ಬಿಸಿಲು ಅಂದ್ರ ಮಳಿ. ಒಮ್ಮೆನೂ ತಪ್ಪಿಲ್ಲ ನೋಡಪಾ. ಗಂಗಾವತಿ ಅಕ್ಕ ನಿನ್ನ ಮೆಸೇಜ್ ನೋಡೇ ಭತ್ತ ಒಣಗಸ್ತಾಳ. ಟಿವಿಯವರಿಗಿಂತ ನೀ ಭಾಳ ಛಲೋ."

ಆಕೆ ಹೊಗಳಿಕೆ ಎಂದೇ ಹೇಳಿದ್ದು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಚಹಾ ಬೇಡ ಎಂದೆ. ಎರಡನೇ ಸಲ ಕೇಳಿದಳೆಂದು ಕುಡಿದು ಬಂದೆ.

ಅದರ ಮುಂದಿನದು ಶ್ಯಾವಿಗೆ ವಾರ. ನಾಲ್ಕೂ ಮನೆಗಳಿಗೆ ವರ್ಷಕ್ಕೆ ಬೇಕಾಗುವ ಶ್ಯಾವಿಗೆಯನ್ನು ಕುಷ್ಟಗಿಯ ದೊಡ್ಡಕ್ಕನ ಮನೆಯಲ್ಲೇ ಮಾಡುವುದು ನಮ್ಮ ರೂಢಿ, ಆಕೆಯ ಮಾಳಿಗೆ ದೊಡ್ಡದು. ಯಂತ್ರದಿಂದ ಬಂದ ಹಸಿ ಎಳೆಗಳನ್ನು ಕೋಲಿನ ಮೇಲೆ ಇಳಿಬಿಟ್ಟು ಬಿಸಿಲಿಗೆ ಒಣಗಿಸಬೇಕು. ಒಂದು ಸಣ್ಣ ಮಳೆ ಬಿದ್ದರೂ ಎಲ್ಲ ಮುದ್ದೆ.

ಆ ಭಾನುವಾರ, ಎಂದೂ ಒಮ್ಮತಕ್ಕೆ ಬಾರದ ನನ್ನ ಮೂರೂ ಆ್ಯಪ್‌ಗಳು ಒಂದೇ ಮಾತು ಹೇಳಿದವು: ಕುಷ್ಟಗಿ, ಗುರುವಾರ ಮಧ್ಯಾಹ್ನ ಮಳೆ. ನಾನು ಯೋಚಿಸಿದೆ. ಮಳೆ ಎಂದು ಬರೆದರೆ ಇವರು ಶ್ಯಾವಿಗೆ ಹಾಕುತ್ತಾರೆ, ಕೆಡುತ್ತದೆ. ಬಿಸಿಲು ಎಂದು ಬರೆದರೆ ಹಾಕುವುದಿಲ್ಲ, ಉಳಿಯುತ್ತದೆ. ನನ್ನ ಬುದ್ಧಿಗೆ ನಾನೇ ಮೆಚ್ಚಿ ಬರೆದೆ: "ಕುಷ್ಟಗಿ: ಗುರುವಾರ ಬೆಂಕಿಯಂಥ ಬಿಸಿಲು. ಮಳೆಯ ಮಾತೇ ಇಲ್ಲ."

ಗುರುವಾರ ಅಂಗಡಿ ಮುಚ್ಚಿ, ಕೊಡೆ ಹಿಡಿದು, ಮಳೆಯಲ್ಲಿ ನನ್ನ ಗೆಲುವು ನೋಡಲು ಕುಷ್ಟಗಿಯ ಬಸ್ ಹತ್ತಿದೆ. ಹೆಂಡತಿ ಹಿಂದಿನ ದಿನವೇ ಹೋಗಿದ್ದಳು. ಮಾಳಿಗೆ ಹತ್ತಿ ನೋಡಿದೆ. ಈ ಗೋಡೆಯಿಂದ ಆ ಗೋಡೆಯವರೆಗೆ ಶ್ಯಾವಿಗೆ.

"ಯಾಕ ಹಾಕೀರಿ?"

"ನೀನ ಬಿಸಿಲು ಅಂತ ಹೇಳಿದ್ಯಲ್ಲೋ," ಎಂದಳು ದೊಡ್ಡಕ್ಕ.

ಸಣ್ಣಕ್ಕ ನನ್ನನ್ನು ಪಕ್ಕಕ್ಕೆ ಕರೆದಳು. "ಅವತ್ತು ನಿನ್ನ ಮಾರಿ ಸಣ್ಣದಾತು. ರಾತ್ರಿ ನನಗ ನಿದ್ದಿ ಹತ್ಲಿಲ್ಲ. ಈ ಸಲ ತಮ್ಮನ ಮಾತು ನಂಬೂಣು ಅಂತ ನಾನ ಎಲ್ಲಾರಿಗೂ ಹೇಳೀನಿ."

ನನ್ನ ಕಣ್ಣು ತುಂಬಿ ಬಂತು. ಹುಟ್ಟಿದಾಗಿನಿಂದ ಕಾದಿದ್ದ ಮಾತು ಅದು, ಬಂದದ್ದು ನಾನು ಸುಳ್ಳು ಬರೆದ ವಾರ. ಆಕೆಯ ಹೆಗಲಿನಾಚೆ ಮೋಡ ಕಪ್ಪಾಗುತ್ತಿತ್ತು. ಸುಮ್ಮನಿದ್ದರೆ ಮಳೆ ಬೀಳುವವರೆಗಾದರೂ ನಾನು ನಂಬಿಕಸ್ತ ತಮ್ಮ. ಆಸೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಮುಂದೆ ಇದ್ದದ್ದು ನಾಲ್ಕು ಮನೆಗಳ ಶ್ಯಾವಿಗೆ.

"ತಗೀರಿ, ತಗೀರಿ! ಮಳಿ ಬರ್ತೈತಿ!" ಎಂದು ಕೂಗಿದೆ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ದೊಡ್ಡಕ್ಕ ನಿರಾಳವಾಗಿ ಹೊರಸಿನ ಮೇಲೆ ಕೂತುಬಿಟ್ಟಳು. "ಇವ ಮಳಿ ಅಂದ. ಇನ್ನ ಚಿಂತಿಲ್ಲ," ಎಂದಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಹೆಂಡತಿ. ನಾನೇ ಕೋಲು ಎತ್ತಲು ಹೋದರೆ ನಡುವಿನಕ್ಕ ಕೈಮೇಲೆ ಹೊಡೆದು, "ಹಸೀ ಐತಿ, ಮುಟ್ಟಬ್ಯಾಡ," ಎಂದು ಗದರಿದಳು.

ಆಮೇಲೆ ಗಾಳಿ ಎದ್ದಿತು. ಧೂಳು ಬಂತು. ಹಿಂದೆಯೇ ದಪ್ಪ ದಪ್ಪ ಹನಿ. ಅಕ್ಕಂದಿರು ಚಾದರ ತಂದರು, ಚಾಪೆ ತಂದರು, ದೊಡ್ಡಕ್ಕ ಸೆರಗನ್ನೇ ಹರವಿ ನಿಂತಳು. ಆ ಇಡೀ ಮನೆಯಲ್ಲಿ ಕೊಡೆ ತಂದಿದ್ದವನು ನಾನೊಬ್ಬನೇ, ಇದನ್ನು ಎಲ್ಲರೂ ನೆನಪಿಡಬೇಕು. ಅದನ್ನು ಹಿಡಿದು ಎರಡು ಕೋಲು ಶ್ಯಾವಿಗೆ ಉಳಿಸಿದೆ.

ಮೆಟ್ಟಿಲ ಮೇಲೆ ತೊಯ್ದು ತೊಪ್ಪೆಯಾಗಿ ನಿಂತಾಗ, "ನಾ ಹೇಳಿದ್ನಿಲ್ಲೋ?" ಎಂದೆ. ದೊಡ್ಡಕ್ಕ ಸೆರಗು ಹಿಂಡುತ್ತ, "ಎರಡೂ ಹೇಳೀದಿ," ಎಂದಳು. ರಾತ್ರಿ ಊಟಕ್ಕೆ ಶ್ಯಾವಿಗೆ ಉಪ್ಪಿಟ್ಟು, ಶ್ಯಾವಿಗೆ ಪಾಯಸ. ಮರುದಿನವೂ ಅದೇ.

ಮುಂದಿನ ಭಾನುವಾರ ನಾನು ಏನೂ ಬರೆಯಲಿಲ್ಲ. ಮೊಬೈಲ್ ತಲೆದಿಂಬಿನ ಕೆಳಗಿಟ್ಟು ಗೋಡೆ ನೋಡುತ್ತ ಮಲಗಿದೆ. ಅದು ಅಲ್ಲಿಂದಲೇ ಹೊಡೆದುಕೊಳ್ಳತೊಡಗಿತು.

"ಮೆಸೇಜ್ ಯಾಕ ಬಂದಿಲ್ಲ?" ದೊಡ್ಡಕ್ಕನ ದನಿ.

"ಯಾರು ನಂಬ್ತೀರಿ?"

"ನಂಬೂ ಮಾತು ಬಿಡೋ. ಮತ್ತ ಶ್ಯಾವಿಗಿ ಹಾಕೂದೈತಿ. ನೀ ಏನರ ಹೇಳ್ಲಿಲ್ಲಂದ್ರ ನಾವು ಏನ್ ಮಾಡ್ಬೇಕು ತಿಳಿಯಂಗಿಲ್ಲ."

ಎದ್ದು ಕೂತೆ. ಈ ಸಲ ಯಾವ ಬುದ್ಧಿವಂತಿಕೆಯೂ ಇಲ್ಲದೆ, ಕಂಡದ್ದನ್ನು ಕಂಡ ಹಾಗೆ ಬರೆದೆ: "ಕುಷ್ಟಗಿ: ಬಿಸಿಲು. ಯಲಬುರ್ಗಾ: ಬುಧವಾರ ಮಳೆ." ಮೂರು ಕೈಮುಗಿಯುವ ಚಿತ್ರ ಬಂದವು.

ಬುಧವಾರ ಬೆಳಿಗ್ಗೆ ಸಣ್ಣಕ್ಕ ಒಂದು ಫೋಟೋ ಕಳಿಸಿದಳು. ಮಾಳಿಗೆ ತುಂಬ ಹುಣಸೆಹಣ್ಣು. ನೋಡಿ ಸಿಟ್ಟು ಬಂತು. ಆಮೇಲೆ ದೊಡ್ಡದು ಮಾಡಿ ನೋಡಿದೆ. ಮೂಲೆಯಲ್ಲಿ, ಕೈಗೆ ಸಿಗುವ ಹಾಗೆ, ಒಂದು ತಾಡಪತ್ರಿ ಮಡಚಿಟ್ಟಿದ್ದಳು.