ಖಾಲಿ ಡಬ್ಬಿಯ ಜಾಗ

ಹೊಲಿಗೆ ಯಂತ್ರ ರಿಪೇರಿಯ ಆ ಅಂಗಡಿಯಲ್ಲಿ ಬಿಡಿಭಾಗಗಳ ಉಸ್ತುವಾರಿ ಹೊತ್ತವಳನ್ನು ಎಲ್ಲರೂ ಡಬ್ಬಿ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ನಾಲ್ಕು ಬೀರು, ಬೀರುವಿಗೆ ಆರಾರು ಖಾನೆ, ಖಾನೆಗೆ ಏಳೇಳು ಡಬ್ಬಿ. ಮೂವತ್ತು ವರ್ಷದಲ್ಲಿ ಒಂದಕ್ಕೂ ಚೀಟಿ ಅಂಟಿಸಿದವಳಲ್ಲ. ಕಣ್ಣು ಮುಚ್ಚಿ ಕೈ ಹಾಕಿದರೂ ಬೇಕಾದ ತಿರುಪೇ ಬೆರಳಿಗೆ ಸಿಗುತ್ತಿತ್ತು.

ಈಗ ಮೊಣಕಾಲು ಕೈಕೊಟ್ಟಿತ್ತು. ಆಪರೇಷನ್ ಮಾಡಿಸಿ ಎರಡು ತಿಂಗಳು ಮನೆಯಲ್ಲಿರಬೇಕೆಂದು ಡಾಕ್ಟರು ಹೇಳಿ ವರ್ಷವಾಗಿತ್ತು. ಮೂರು ಸಲ ದಿನ ಗೊತ್ತಾಗಿ ಮೂರು ಸಲವೂ ಅವಳೇ ತಪ್ಪಿಸಿಕೊಂಡಿದ್ದಳು. "ನಾನಿಲ್ದಿದ್ರೆ ಈ ಮಹಾನುಭಾವ ಸೂಜಿ ಹುಡುಕೋಕೆ ಹೋಗಿ ಬೀರು ಮೈಮೇಲೆ ಬೀಳಿಸ್ಕೋತಾನೆ" ಎಂದು ಮೆಕ್ಯಾನಿಕ್ಕನ ಕಡೆ ಬೊಟ್ಟು ಮಾಡುತ್ತಿದ್ದಳು.

ಪ್ರೋಗ್ರಾಂ ಬರೆಯಲು ಕಲಿತಿದ್ದ ತಂಗಿಯ ಮಗಳಿಗೆ ಇದು ಸರಿಬರಲಿಲ್ಲ. ವಾರವಿಡೀ ಪಕ್ಕದಲ್ಲಿ ಕೂತು, ಕೇಳಿ ಕೇಳಿ, ನಾಲ್ಕೂ ಬೀರುಗಳನ್ನು ಕಂಪ್ಯೂಟರಿಗೆ ಇಳಿಸಿದಳು. ವಸ್ತುವಿನ ಹೆಸರು ಒತ್ತಿದರೆ ಬೀರು, ಖಾನೆ, ಎಷ್ಟನೆಯ ಡಬ್ಬಿ ಎಂದು ತೆರೆಯ ಮೇಲೆ ಬರುತ್ತಿತ್ತು. ನಾಲ್ಕನೆಯ ಸಲ ಗೊತ್ತಾದ ದಿನ ಸೋಮವಾರ. "ಅಷ್ಟರೊಳಗೆ ಇದು ನನಗೆ ನಂಬಿಕೆ ಬರೋ ಹಾಗೆ ನಡ್ಕೊಂಡ್ರೆ ಹೋಗ್ತೀನಿ" ಎಂದಳು ದೊಡ್ಡಮ್ಮ.

ಮೂರು ದಿನ ಎಲ್ಲ ಸರಿಯಾಗಿತ್ತು. ಶುಕ್ರವಾರ ಮೆಕ್ಯಾನಿಕ್ ಚಿಕ್ಕ ಸ್ಪ್ರಿಂಗು ಕೇಳಿದ. ಹಸಿರು ಬೀರು, ಎರಡನೇ ಖಾನೆ, ನಾಲ್ಕನೇ ಡಬ್ಬಿ ಎಂದಿತು ಕಂಪ್ಯೂಟರು. ಅವನು ಮುಚ್ಚಳ ತೆಗೆದರೆ ಒಳಗೆ ಬರೀ ತಿರುಪು.

"ಅಕ್ಕ, ನಿಮ್ಮ ಹುಡುಗಿಯ ಯಂತ್ರಕ್ಕೂ ಮೊಣಕಾಲು ನೋವು ಬಂತು."

"ನಗು, ನಗು. ಸೋಮವಾರ ನೀನೇ ಹುಡುಕ್ಬೇಕಾಗತ್ತೆ."

ತಂಗಿಯ ಮಗಳ ಮುಖ ಸಣ್ಣದಾಯಿತು. ದೊಡ್ಡಮ್ಮ ಬೈಯುತ್ತಾಳೆಂದುಕೊಂಡರೆ, ಅವಳು ಕುರ್ಚಿ ಎಳೆದುಕೊಂಡು ತೆರೆಯ ಮುಂದೆ ಕೂತಳು.

"ಒಂದೇ ಸಲ ಕೇಳ್ಬೇಡ. ಮೊದಲು ಬೀರು ಮಾತ್ರ ಕೇಳು, ಏನು ಕೈಗೆ ಕೊಡತ್ತೆ ನೋಡೋಣ."

ಹುಡುಗಿ ಹಸಿರು ಬೀರು ಎಂದು ಕೇಳಿದಳು. ಆರೂ ಖಾನೆಗಳು ಬಂದವು. ಅದರಲ್ಲಿ ಎರಡನೆಯದನ್ನು ಕೇಳಿದಳು. ಡಬ್ಬಿಗಳ ಸಾಲು ಬಂತು. ದೊಡ್ಡಮ್ಮ ತೆರೆಗೆ ಬೆರಳು ತಾಗಿಸಿ ಎಣಿಸಿದಳು. ಆರು. ಎದ್ದು ಕುಂಟುತ್ತ ಹೋಗಿ ಬೀರುವಿನಲ್ಲಿ ಎಣಿಸಿದಳು. ಏಳು.

"ಮೂರನೇದು ಎಲ್ಲಿ ಹೋಯ್ತು? ಶಟಲ್ ಡಬ್ಬಿ?"

ಮೆಕ್ಯಾನಿಕ್ ತಲೆ ಕೆರೆದುಕೊಂಡ. "ನಿನ್ನೆ ಕೊನೇ ಶಟಲ್ ತಗೊಂಡೆ ಅಕ್ಕ. ಡಬ್ಬಿ ಖಾಲಿ ಆಯ್ತಲ್ಲ, ಅದಕ್ಕೆ ಈ ಕಂಪ್ಯೂಟರಿಂದ ಅಳಿಸಿದೆ."

"ಅಳಿಸಿದ ತಕ್ಷಣ ಹಿಂದಿನವೆಲ್ಲ ಒಂದೊಂದು ಜಾಗ ಮುಂದೆ ಸರಿದಿವೆ ದೊಡ್ಡಮ್ಮ. ಐದನೇದು ನಾಲ್ಕನೇದಾಗಿದೆ" ಎಂದಳು ಹುಡುಗಿ.

"ಇದೊಳ್ಳೆ ಕತೆ. ಊಟಕ್ಕೆ ಕೂತವನೊಬ್ಬ ಎದ್ದು ಹೋದ ಅಂತ ಸಾಲೆಲ್ಲ ಪಕ್ಕದವನ ಎಲೆಗೆ ಕೈ ಹಾಕತ್ತಾ? ನನ್ನ ಬೀರುವಲ್ಲಿ ಖಾಲಿಯಾದ ಡಬ್ಬಿ ತನ್ನ ಜಾಗದಲ್ಲೇ ಇರತ್ತೆ."

"ಹಾಗಾದ್ರೆ ಎಷ್ಟನೇದು ಅನ್ನೋದೇ ಬೇಡ. ಹಸಿರು ಬೀರು ಅಂತ ಬೀರುವಿಗೆ ಹೆಸರಿದ್ದ ಹಾಗೆ ಒಂದೊಂದು ಡಬ್ಬಿಗೂ ಹೆಸರು ಇಡೋಣ. ಯಾವುದು ಅಳಿಸಿದ್ರೂ ಇನ್ನೊಂದು ಅಲುಗಲ್ಲ. ಆದ್ರೆ..." ಹುಡುಗಿ ದೊಡ್ಡಮ್ಮನ ಮುಖ ನೋಡಿದಳು. "ಡಬ್ಬಿಗೆ ಚೀಟಿ ಅಂಟಿಸ್ಬೇಕಾಗತ್ತೆ."

ದೊಡ್ಡಮ್ಮ ಬೀರುಗಳ ಕಡೆ ತಿರುಗಿದಳು. ಮೂವತ್ತು ವರ್ಷದ ಜಂಬವನ್ನು ಅಷ್ಟು ಸುಲಭವಾಗಿ ಕೆಳಗಿಳಿಸಲು ಯಾರಿಗಾಗುತ್ತದೆ? ಆಮೇಲೆ, "ಗೋಂದು ತಾ" ಎಂದಳು.

ಶನಿವಾರ ಸಂಜೆಯ ಹೊತ್ತಿಗೆ ಚೀಟಿ ಅಂಟಿಸಿ, ಅಳಿಸಿದ್ದ ಶಟಲ್ ಡಬ್ಬಿಯನ್ನೂ ಸೇರಿಸಿ ಎಲ್ಲ ಹೆಸರುಗಳನ್ನು ಕಂಪ್ಯೂಟರಿಗೆ ಹಾಕಿ ಮುಗಿಯಿತು. ದೊಡ್ಡಮ್ಮ ಪರೀಕ್ಷೆಗೆ ಕೂತಳು. ಇದ್ದವನ್ನೆಲ್ಲ ಕಂಪ್ಯೂಟರು ಸರಿಯಾಗಿ ಹೇಳಿತು. ಅವಳಿಗೆ ಅಷ್ಟು ಸಾಲಲಿಲ್ಲ.

"ಶಟಲ್ ಕೇಳು."

ಡಬ್ಬಿ ಇದೆ, ಒಳಗೆ ಏನೂ ಇಲ್ಲ ಎಂದು ಬಂತು.

"ಈಗ ಐದನೇ ಬೀರು ಕೇಳು."

"ನಮ್ಮಲ್ಲಿ ಐದನೇದು ಎಲ್ಲಿದೆ ಅಕ್ಕ?" ಎಂದ ಮೆಕ್ಯಾನಿಕ್.

"ಇಲ್ಲ ಅಂತ ನಿನಗೆ ಗೊತ್ತು. ಅದಕ್ಕೆ ಗೊತ್ತಾ ನೋಡ್ಬೇಡ್ವಾ?"

ಅಂಥ ಬೀರು ಇಲ್ಲ ಎಂದು ಬಂತು.

ದೊಡ್ಡಮ್ಮ ಆ ಸಾಲನ್ನು ಎರಡು ಸಲ ಓದಿದಳು. ಖಾಲಿಗೂ ಇಲ್ಲದ್ದಕ್ಕೂ ಇರುವ ವ್ಯತ್ಯಾಸ ಈ ಮೆಕ್ಯಾನಿಕ್ಕನಿಗೆ ಹನ್ನೆರಡು ವರ್ಷವಾದರೂ ತಲೆಗೆ ಹತ್ತಿರಲಿಲ್ಲ. ಅವಳು ಆಸ್ಪತ್ರೆಗೆ ಫೋನ್ ಮಾಡಿದಳು.

"ಸೋಮವಾರ ಎಷ್ಟು ಗಂಟೆಗೆ ಬರ್ಲಿ? ಹೂಂ, ಅದೇ ಮೊಣಕಾಲಿನೋಳು. ಇಲ್ಲಮ್ಮ, ಈ ಸಲ ಬಂದೇ ಬರ್ತೀನಿ."