ಬೆಳ್ಳಿಯಮ್ಮನ ಹೊಟ್ಟೆಯೊಳಗಿನ ಪೈ

ಎಡ ಕಿಬ್ಬೊಟ್ಟೆಯಲ್ಲಿ ಅದೇ ನೋವು ಮೂರನೆಯ ಸಲ ಹಿಡಿದಾಗ ಬೆಳ್ಳಿಯಮ್ಮ ಯಾರಿಗೂ ಹೇಳಲಿಲ್ಲ. ಸಿರುಮುಗೈಯ ಮನೆಯಲ್ಲಿ ಕುಳಿಮಗ್ಗಕ್ಕೆ ಕಾಲು ಇಳಿಬಿಟ್ಟು ಸೀರೆ ನೇಯುತ್ತಲೇ ಇದ್ದಳು. ನೇಯ್ದ ಬಟ್ಟೆ ಸುತ್ತುವ ದಿಂಡು ಹೊಟ್ಟೆಗೆ ಒತ್ತಿದಾಗಲೆಲ್ಲ ಹಲ್ಲು ಕಚ್ಚುತ್ತಿದ್ದಳು.

ಹೇಳದಿರಲು ಕಾರಣವಿತ್ತು. ಹೋದ ಸಲ ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ತಮಿಳಿನಲ್ಲಿ, “ಕುಡಲ್ಲ ಪೈ ಇರುಕ್ಕು, ತಿರುಂಬ ವರಲಾಂ” ಅಂದಿದ್ದರು. ಕರುಳಲ್ಲಿ ಪೈ ಇದೆ, ಮತ್ತೆ ಬರಬಹುದು. ಪೈ ಅಂದರೆ ಚೀಲ. ಬೀದಿಯ ಕೊನೆಮನೆ ಕಣ್ಣಮ್ಮನಿಗೆ ಆಪರೇಷನ್ ಮಾಡಿ, ಮಲ ಇಳಿಯಲು ಹೊಟ್ಟೆಯ ಮೇಲೆ ಚೀಲ ಕಟ್ಟಿದ್ದನ್ನು ಬೆಳ್ಳಿಯಮ್ಮ ಕಂಡಿದ್ದಳು. ಮುಂದಿನ ಸಲ ತನಗೂ ಅದೇ ಎಂದು ತೀರ್ಮಾನಿಸಿಬಿಟ್ಟಳು. ಚೀಲ ಕಟ್ಟಿಕೊಂಡು ದಿಂಡಿಗೆ ಒರಗುವುದು ಹೇಗೆ? ಹನ್ನೆರಡನೆಯ ವಯಸ್ಸಿನಿಂದ ಕೂತ ಕುಳಿ ಅದು.

ಸೊಸೆ ಕೃತ್ತಿಕಾ ಮಗುವಿಗೆ ಗಂಜಿ ತಿನ್ನಿಸುತ್ತಿದ್ದಳು. ಮಗ್ಗದ ಸದ್ದು ನಡುನಡುವೆ ನಿಲ್ಲುವುದು ಕೇಳಿ, ಎದ್ದು ಬಂದು ಅತ್ತೆಯ ಹಣೆ ಮುಟ್ಟಿದಳು.

“ಕಾಯ್ತಾ ಇದೆ. ಯಾವಾಗಿಂದ?”

“ನಿನ್ನೆಯಿಂದ. ಒಡಂಬು ಸೂಡು, ಮೈ ಉಷ್ಣ ಅಷ್ಟೇ. ಮಜ್ಜಿಗೆ ಕುಡುದ್ರೆ ಇಳೀತದೆ.”

“ಕುಡಿಯೋಕೆ ಕುಳಿ ಬಿಟ್ಟು ಎದ್ದಿದ್ರೆ ತಾನೆ? ಒಂದಕ್ಕೆ ಹೋಗ್ಬೇಕಾಗ್ತದೆ ಅಂತ ನೀರೂ ಮುಟ್ಟಲ್ಲ ನೀವು. ಏಳಿ, ಆಟೋ ಕರೀತೀನಿ.”

“ಪೈ ಕಟ್ಟುಸ್ಕಳಾಕೆ ನಾ ಬರಲ್ಲ ನನ್ ಕಣ್ಣು.”

ಕೃತ್ತಿಕಾಗೆ ಅರ್ಥವಾಗಲಿಲ್ಲ. ಹೇಗೋ ಅದೇ ಆಸ್ಪತ್ರೆಗೆ ಹೊರಡಿಸಿ, ಸ್ಕ್ಯಾನ್ ಮುಗಿದ ಮೇಲೆ ಆ ಮಾತನ್ನೇ ಡಾಕ್ಟರಮ್ಮನ ಮುಂದಿಟ್ಟಳು. ಅವರು ಪೆನ್ನು ತೆಗೆದು ಕಾಗದದ ಮೇಲೆ ಕರುಳಿನ ಚಿತ್ರ ಬರೆದರು, ಅದರ ಗೋಡೆಯಲ್ಲಿ ಉಬ್ಬಿದ ಸಣ್ಣ ಸಣ್ಣ ಗುಳ್ಳೆ ಬರೆದರು. ತಾವು ಪೈ ಅಂದದ್ದು ಇವನ್ನು. ಒಳಗೇ ಇರುವಂಥವು. ಒಂದು ಊದಿಕೊಂಡಿದೆ, ಒಡೆದಿಲ್ಲ, ಕೀವು ಕಟ್ಟಿಲ್ಲ. ಈ ಸಲ ಮಾತ್ರೆ ಸಾಕು. ಮೂರು ಸಲ ಬಂತೆಂದು ಎಣಿಸಿ ಯಾರೂ ಕೊಯ್ಯುವುದಿಲ್ಲ. ಬದುಕಿಗೇ ಅಡ್ಡಿಯಾಗುವಷ್ಟು ಕಾಡಿದರೆ ಆ ತುಂಡು ತೆಗೆದು ತುದಿಗೆ ತುದಿ ಸೇರಿಸಬಹುದು. ಸಮಯ ನೋಡಿ ಮಾಡಿದರೆ ಹೆಚ್ಚಿನವರಿಗೆ ಚೀಲ ಬೇಕಾಗದು. ಮುಚ್ಚಿಟ್ಟು ಒಡೆಯಗೊಟ್ಟರೆ ಕಷ್ಟ.

ಬೆಳ್ಳಿಯಮ್ಮ ಚಿತ್ರವನ್ನೇ ನೋಡುತ್ತ ಕೂತಳು. “ಅರುಂದ ಎಳೆ, ಕಡುದೋದ ಎಳೆ ಸೇರ್ಸೋ ಹಂಗೆ,” ಅಂದಳು ಸೊಸೆಗೆ.

ಮಾತ್ರೆ ಮುಗಿದ ಮರುವಾರ ಮತ್ತೆ ಕುಳಿಗಿಳಿದಳು. ದಿಂಡು ಹೊಟ್ಟೆಗೆ ತಾಗಿತು; ನೋಯಲಿಲ್ಲ. ಪಕ್ಕದಲ್ಲಿ ಕೃತ್ತಿಕಾ ನೀರಿನ ಚೊಂಬು ಇಟ್ಟಿದ್ದಳು.

“ಅತ್ತೆ, ಎದ್ದು ನಾಕು ಹೆಜ್ಜೆ ನಡೀರಿ.”

“ಸೆರಗಿನ ಈ ಒಂದು ಹೂವು ಮುಗುಸ್ಬುಡ್ತೀನಿ.”

“ಪೈ ಕಟ್ಟಿಸ್ಲಾ?”

“ಬಂದೆ ತಾಯಿ, ಬಂದೆ,” ಎಂದು ಬೆಳ್ಳಿಯಮ್ಮ ನಗುತ್ತ ಕುಳಿಯಿಂದ ಕಾಲೆತ್ತಿದಳು.