ದೊಡ್ಡವ್ವ ಕಾಶಿಯಲ್ಲಿ ಬಿಟ್ಟು ಬಂದದ್ದು

ನಮ್ಮ ದೊಡ್ಡವ್ವನ ಎಡಹುಬ್ಬಿಗೆ ಬಲಹುಬ್ಬಿನ ಹಂಗಿರಲಿಲ್ಲ. ಏನಾದರೂ ಸೇರದಿದ್ದರೆ ಅದು ತಾನೊಂದೇ ಮೇಲೇರಿ, ಹಣೆಯ ವಿಭೂತಿಯ ಕೆಳಗೆರೆಗೆ ತಾಗಿ, ಅಲ್ಲಿಯೇ ಠಿಕಾಣಿ ಹೂಡುತ್ತಿತ್ತು. ಬಲಹುಬ್ಬು ಮಾತ್ರ ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಇದ್ದಲ್ಲಿಯೇ ಇರುತ್ತಿತ್ತು. ಬಂಕಾಪುರದ ನಮ್ಮ ಓಣಿಯವರು ಹವಾಮಾನವನ್ನು ರೇಡಿಯೋದಲ್ಲಿ ಕೇಳುತ್ತಿದ್ದರು. ನಮ್ಮ ಮನೆತನದವರು ಅದರ ಜೊತೆಗೆ ಈ ಹುಬ್ಬನ್ನೂ ನೋಡುತ್ತಿದ್ದರು. ರೇಡಿಯೋ ಆಗಾಗ ತಪ್ಪುತ್ತಿತ್ತು.

ದೊಡ್ಡವ್ವನೆಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ಎರಡೂ ಮನೆಗಳ ನಡುವೆ ಒಂದೇ ಗೋಡೆ, ಗೋಡೆಯಲ್ಲೊಂದು ಗಿಡ್ಡ ಬಾಗಿಲು. ನಾನು ಹಾನಗಲ್ಲಿನ ಕಚೇರಿಯೊಂದರಲ್ಲಿ ನೌಕರಿ ಮಾಡುತ್ತ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಸಂಜೆ ತಲೆ ಬಗ್ಗಿಸಿ ಆ ಬಾಗಿಲು ದಾಟಿದರೆ ಸಾಕು, ಅಂದಿನ ಕಿರಿಕಿರಿಗಳ ವರದಿ ಚಹಾದ ಮೊದಲೇ ಬರುತ್ತಿತ್ತು. ಚಪ್ಪಲಿಯನ್ನು ಬೋರಲು ಬಿಟ್ಟು ಬರುವವರು ಆಕೆಗೆ ಸೇರುತ್ತಿರಲಿಲ್ಲ. ‘ಬರ್ತೇನ್ರಿ’ ಎಂದು ಎದ್ದು ನಿಂತು, ಹೊಸ್ತಿಲ ಮೇಲೆ ಮತ್ತೆ ಅರ್ಧ ತಾಸು ಮಾತಾಡುವವರು ಸೇರುತ್ತಿರಲಿಲ್ಲ. ತಂಬಿಗೆಗೆ ತುಟಿ ಹಚ್ಚಿ ನೀರು ಕುಡಿಯುವವರ ವಿಷಯ ಇಲ್ಲಿ ಬರೆಯುವಂಥದ್ದಲ್ಲ. ಕೋಟೆಯ ಕಡೆಯ ನವಿಲು ಆಕೆ ಅಡ್ಡಾದ ಹೊತ್ತಿನಲ್ಲಿ ಕೂಗಿದರೆ, ಅದನ್ನು ಹೆತ್ತವರನ್ನೂ ಸೇರಿಸಿ ವಿಚಾರಿಸಿಕೊಳ್ಳುತ್ತಿದ್ದಳು. ನಮ್ಮ ದೊಡ್ಡಪ್ಪ ಇದೆಲ್ಲವನ್ನೂ ನೋಡಿ ಬಹಳ ಹಿಂದೆಯೇ ಮಾತು ಬಿಟ್ಟಿದ್ದ; ತೀರಿಕೊಂಡದ್ದು ಆಮೇಲೆ.

ಆದರೆ ಇವೆಲ್ಲ ಚಿಲ್ಲರೆ. ಎಲ್ಲಕ್ಕೂ ಮೇಲಿನ ಕಿರಿಕಿರಿ ರೊಟ್ಟಿಯದು.

ನಮ್ಮ ಕಡೆ ಜೋಳದ ರೊಟ್ಟಿಯನ್ನು ಅಂಗೈಯಿಂದ ಬಡಿದು ಮಾಡುತ್ತಾರೆ. ದೊಡ್ಡವ್ವ ಬಡಿಯಲು ಕುಳಿತರೆ ಆ ಸದ್ದು ಓಣಿಯ ಕೊನೆಯ ಮನೆಗೂ ಕೇಳುತ್ತಿತ್ತು. ಅಂಗೈ ಬಿದ್ದಂತೆ ಹಿಟ್ಟು ತಿರುಗುತ್ತ ತಿರುಗುತ್ತ ಹುಣ್ಣಿಮೆಯ ಚಂದ್ರನಷ್ಟು ದುಂಡಗೆ, ನಮ್ಮ ಕಚೇರಿಯ ಕಾಗದದಷ್ಟು ತೆಳ್ಳಗೆ ಆಗುತ್ತಿತ್ತು. ಈಚೆಗೆ ಕೆಲವರು ಚಪಾತಿಯ ಹಾಗೆ ಜೋಳದ ರೊಟ್ಟಿಯನ್ನೂ ಲಟ್ಟಣಿಗೆಯಿಂದ ಲಟ್ಟಿಸುತ್ತಾರೆ. ಇದು ದೊಡ್ಡವ್ವನ ದೃಷ್ಟಿಯಲ್ಲಿ ಪಾಪಗಳ ಸಾಲಿನಲ್ಲಿ ಸಾಕಷ್ಟು ಮುಂದೆ ಇತ್ತು. “ರೊಟ್ಟಿ ಬಡಿಯೂ ಸಪ್ಪಳ ಇಲ್ಲದ ಮನಿ, ಮನಿ ಹೌದೋ ಅಲ್ಲೋ ಅಂತ ದೇವರಿಗೂ ಸಂಶೆ ಬರ್ತೈತಿ” ಎನ್ನುತ್ತಿದ್ದಳು.

ಇಂಥ ಮನೆಗೆ ಸೊಸೆ ಬಂದಳು. ದೊಡ್ಡವ್ವನ ಒಬ್ಬನೇ ಮಗ, ನನಗೆ ತಮ್ಮನಾಗಬೇಕಾದವನು, ಶಿಗ್ಗಾಂವಿಯಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ ಇಟ್ಟಿದ್ದ. ಹುಡುಗಿ ಹಿರೇಕೆರೂರು ಕಡೆಯ ಅಬಲೂರಿನವಳು. ಜಾಣೆ, ನಗುಮುಖದವಳು, ಚಪ್ಪಲಿಯನ್ನು ನೆಟ್ಟಗೆ ಬಿಡುತ್ತಿದ್ದಳು, ತಂಬಿಗೆಯನ್ನು ಎತ್ತಿ ಕುಡಿಯುತ್ತಿದ್ದಳು. ರೊಟ್ಟಿಯನ್ನು ಮಾತ್ರ ಲಟ್ಟಿಸುತ್ತಿದ್ದಳು.

ಸೊಸೆ ಒಲೆಯ ಮುಂದೆ ಕುಳಿತರೆ ದೊಡ್ಡವ್ವ ಹಿಂದೆ ಬಂದು ನಿಲ್ಲುತ್ತಿದ್ದಳು. ಬೈಯುತ್ತಿರಲಿಲ್ಲ. ಬೈದಿದ್ದರೆ ವಾಸಿಯಿತ್ತು. ಸುಮ್ಮನೆ ನಿಂತು ನೋಡುತ್ತಿದ್ದಳು. ಹುಬ್ಬು ತನ್ನ ಕೆಲಸ ಮಾಡುತ್ತಿತ್ತು. ಒಂದೊಂದು ರೊಟ್ಟಿ ಹೆಂಚಿಗೆ ಬಿದ್ದಾಗಲೂ ಒಂದು ಉಸಿರು ಬಿಡುತ್ತಿದ್ದಳು, ಯಾರೋ ಬೇಕಾದವರನ್ನು ಬಸ್ಸು ಹತ್ತಿಸಿದ ಹಾಗೆ. ಸೊಸೆ ಕೆಲ ದಿನ ಬಡಿಯಲು ಕಲಿತು ನೋಡಿದಳು. ಹಿಂದೆ ಒಬ್ಬರು ನಿಂತಿರುವಾಗ ಹಿಟ್ಟೂ ಹೆದರುತ್ತದೆ, ರೊಟ್ಟಿ ಒಡೆಯುತ್ತಿತ್ತು.

ಶ್ರಾವಣದಲ್ಲಿ ಪಂಚಮಿಗೆಂದು ಸೊಸೆ ತವರಿಗೆ ಹೋದಳು. ಎಲ್ಲ ಹೆಣ್ಣುಮಕ್ಕಳೂ ಹೋಗುತ್ತಾರೆ, ಅದರಲ್ಲಿ ವಿಶೇಷವಿಲ್ಲ. ಆದರೆ ಗಣಪತಿ ಬಂದರೂ ಈಕೆ ಬರಲಿಲ್ಲ, ಗಣಪತಿ ಹೋದರೂ ಬರಲಿಲ್ಲ. ತಮ್ಮ ಕರೆಯಲು ಹೋಗಿ ಒಬ್ಬನೇ ತಿರುಗಿ ಬಂದ. ಗಿಡ್ಡ ಬಾಗಿಲಲ್ಲಿ ನಿಂತು, ಅವ್ವನಿಗೆ ಹೇಳಲು ಧೈರ್ಯವಾಗದೆ, ಅವ್ವನಿಗೆ ಕೇಳುವ ಹಾಗೆ ನನಗೆ ಹೇಳಿದ:

“ನಿಮ್ಮವ್ವಗ ರೊಟ್ಟಿ ಬೇಕೋ ಸಪ್ಪಳ ಬೇಕೋ ಕೇಳಿಕೊಂಡು ಬರ್ರಿ ಅಂದ್ಲಣ್ಣಾ.”

ಆ ಸಂಜೆ ರೊಟ್ಟಿ ಬಡಿಯುವ ಸದ್ದು ಬಹಳ ಜೋರಾಗಿತ್ತು. ತಮ್ಮ ಉಣ್ಣದೆ ಎದ್ದು ಹೋದ. ದಸರೆಯ ಹೊತ್ತಿಗೆ ಅವನು ಶಿಗ್ಗಾಂವಿಯ ಅಂಗಡಿಯಲ್ಲಿಯೇ ಮಲಗತೊಡಗಿದ. ಅಬಲೂರಿನಲ್ಲಿ ಹಿರಿಯರನ್ನು ಕೂಡಿಸಿ ಮಾತಾಡಿ ಸಂಬಂಧ ಮುಗಿಸಿಬಿಡುವುದು ಒಳ್ಳೆಯದು ಎಂಬ ಗುಸುಗುಸು ನಮ್ಮ ಓಣಿಗೂ ಬಂತು. ಒಂದು ಸಂಸಾರ ಲಟ್ಟಣಿಗೆಯ ಮೇಲೆ ನಿಂತು ಅಲ್ಲಾಡುತ್ತಿತ್ತು. ನಗುವ ಮಾತಲ್ಲ.

ದೀಪಾವಳಿ ಕಳೆದ ಮೇಲೆ ಶಿಗ್ಗಾಂವಿಯ ಒಂದಷ್ಟು ಜನ ಕೂಡಿ ಕಾಶಿಗೆ ಹೊರಟರು. ದೊಡ್ಡವ್ವ ತಾನೂ ಬರುತ್ತೇನೆಂದಳು. ಆಕೆಯ ಜೊತೆಗೆ ನಾನೂ ನನ್ನ ಹೆಂಡತಿಯೂ ಹೊರಟೆವು. ಕಾಶಿಗೆ ಹೋದವರು ತಮಗೆ ಪ್ರೀತಿಯಾದ ಒಂದು ಹಣ್ಣನ್ನೋ ಕಾಯಿಯನ್ನೋ ಅಲ್ಲಿ ಬಿಟ್ಟು ಬರಬೇಕು, ಬಿಟ್ಟದ್ದನ್ನು ಸಾಯುವತನಕ ಮುಟ್ಟಬಾರದು ಎಂಬುದು ರೂಢಿ. ರೈಲಿನಲ್ಲಿ ಹೆಂಗಸರದೆಲ್ಲ ಇದೇ ಚರ್ಚೆ. ಮಾವು ಬಿಟ್ಟರೆ ಮೊಮ್ಮಕ್ಕಳ ಮುಂದೆ ಬಾಯಿ ನೀರೂರುತ್ತದೆ, ಬದನೆಕಾಯಿ ಬಿಟ್ಟರೆ ಎಣಗಾಯಿ ಪಲ್ಯದ ಗತಿಯೇನು ಎಂದು ಹೀಗೆ. ಗಂಗೆಯ ಮೆಟ್ಟಿಲಿನಲ್ಲಿ ನಮ್ಮ ಜೊತೆಯ ಒಬ್ಬ ಗೃಹಿಣಿ ಬಹಳ ಭಕ್ತಿಯಿಂದ ಕಣ್ಣು ಮುಚ್ಚಿ ಹಾಗಲಕಾಯಿ ಬಿಟ್ಟಳು.

“ನೀ ಯಾವಾಗ ತಿಂದಿದ್ದೆವಾ ಅದನ್ನ, ಬಿಡಾಕ?” ಎಂದಳು ದೊಡ್ಡವ್ವ.

“ಗಂಗವ್ವಗ ಎಲ್ಲಿ ಗೊತ್ತಾಗ್ತೈತ್ರಿ.”

“ಆಕಿಗೆ ಗೊತ್ತಾಗದಿದ್ರ ಇಷ್ಟು ದೂರ ಯಾಕ ಬಂದ್ವಿ?”

ಆಮೇಲೆ ತನ್ನ ಸರದಿಗೆ ಆಕೆ ಮೊಣಕಾಲುದ್ದ ನೀರಿನಲ್ಲಿ ಬಹಳ ಹೊತ್ತು ನಿಂತಳು. ಹಿಂದಿನವರು ಗೊಣಗಿದರು. ಆಕೆ ಬೊಗಸೆ ನೀರೆತ್ತಿ ಬಿಟ್ಟು, ಮೆಟ್ಟಿಲು ಹತ್ತಿ ಬಂದು ನನ್ನ ಪಕ್ಕ ಕುಳಿತು ಸೆರಗು ಹಿಂಡತೊಡಗಿದಳು.

“ಏನ ಬಿಟ್ಟಿ ದೊಡ್ಡವ್ವಾ? ಸೀತಾಫಲ?”

“ಸೀತಾಫಲ ಯಾಕ ಬಿಡ್ಲಿ? ಅದು ಯಾರ್ದೇನ ತಿಂದೈತಿ?” ಎಂದಳು. ಸ್ವಲ್ಪ ತಡೆದು, “ನಾ ಸೊಸಿ ಆಗಿ ಬಂದಾಗ ನನಗ ಸೇರದಿದ್ದುದು ಒಂದ ಇತ್ತಪಾ. ಒಲಿ ಮುಂದ ಕುಂತಾಗ ನಮ್ಮತ್ತಿ ಹಿಂದ ಬಂದು ನಿಂದ್ರೂದು. ಕೈಬಳಿ ಸಪ್ಪಳ ಜಾಸ್ತಿ ಆತು ಅಂತ ನಿಂದ್ರತಿದ್ಲು, ಕಡಿಮಿ ಆತು ಅಂದ್ರೂ ನಿಂದ್ರತಿದ್ಲು. ಬೆನ್ನ ಮ್ಯಾಲೆ ಕೆಂಡ ಇಟ್ಟಂಗ ಆಗ್ತಿತ್ತು” ಎಂದಳು.

“ಆಮ್ಯಾಲ?”

“ಆಮ್ಯಾಲ ಏನು? ಆಕಿ ಸತ್ಲು. ಆ ಜಾಗಾದಾಗ ನಾ ಹೋಗಿ ನಿಂತೆ.”

ಹಿಂಡಿದ ಸೆರಗನ್ನು ಕೊಡವಿ ಮೊಣಕಾಲಿನ ಮೇಲೆ ಹರಡಿದಳು.

“ಅದನ್ನ ಬಿಟ್ಟೆ” ಎಂದಳು. “ಸೊಸಿ ಹಿಂದ ನಿಂದ್ರೂದು.”

ಕಾಶಿಯಿಂದ ಬಂದವರು ಬೀಗರ ಮನೆಗಳಿಗೆ ಕೈಗೆ ಕಟ್ಟುವ ಕಾಶಿದಾರ ಕೊಡಬೇಕೆಂಬುದು ನಮ್ಮಲ್ಲಿ ವಾಡಿಕೆ. ಆ ದಾರವನ್ನೇ ನೆಪ ಮಾಡಿಕೊಂಡು ದೊಡ್ಡವ್ವ ನನ್ನನ್ನು ಕರೆದುಕೊಂಡು ಅಬಲೂರಿಗೆ ಹೊರಟಳು. ಮಗನ ತಾಯಿ ತಾನೇ ನಡೆದು ಸೊಸೆಯ ತವರಿಗೆ ಕರೆಯಲು ಹೋಗುವುದು ನಮ್ಮ ಮನೆತನದಲ್ಲಿ ಅಲ್ಲಿಯತನಕ ಆದದ್ದಿಲ್ಲ. “ನಾ ಕರಿಯಾಕ ಹೊಂಟಿಲ್ಲ, ದಾರ ಕೊಡಾಕ ಹೊಂಟೇನಿ” ಎಂದು ಬಸ್ಸಿನಲ್ಲಿ ನನಗೆ ಎರಡು ಸಲ, ಕಂಡಕ್ಟರನಿಗೆ ಒಂದು ಸಲ ಹೇಳಿದಳು. ಅವನು ಕೇಳಿರಲಿಲ್ಲ.

ಬೀಗರು ಕಾಲಿಗೆ ನೀರು ಕೊಟ್ಟರು, ಚಹಾ ಕೊಟ್ಟರು, ಮಳೆ-ಬೆಳೆ ಕೇಳಿದರು. ಯಾರೂ ಬೇಕಾದ ಮಾತು ಆಡಲಿಲ್ಲ. ಊಟಕ್ಕೆ ಕುಳಿತಾಗ ಒಳಗಿನಿಂದ ಸೊಸೆಯೇ ತಾಟು ತಂದಿಟ್ಟಳು. ರೊಟ್ಟಿಯ ಅಂಚು ಬಟ್ಟೆ ಕತ್ತರಿಸಿದಷ್ಟು ನೀಟಾಗಿತ್ತು. ಲಟ್ಟಿಸಿದ್ದೆಂದು ಕುರುಡರೂ ಹೇಳುವ ಹಾಗಿತ್ತು. ಆಕೆ ಬೇಕೆಂದೇ ಮಾಡಿದ್ದಳು. ಬೀಗರು ತಮ್ಮ ತಾಟು ನೋಡಿದರು. ನಾನು ಹುಬ್ಬು ನೋಡಿದೆ. ಅದು ಹೊರಟಿತ್ತು, ಅರ್ಧ ದಾರಿಗೆ ಹೋಗಿತ್ತು ಕೂಡ. ಆಮೇಲೆ, ನಾನು ಹುಟ್ಟಿದಂದಿನಿಂದ ಕಾಣದ ಸಂಗತಿ, ಅದು ಅಲ್ಲಿಂದ ತಿರುಗಿ ಕೆಳಗಿಳಿಯಿತು.

ದೊಡ್ಡವ್ವ ಒಂದು ರೊಟ್ಟಿ ಪೂರಾ ಉಂಡಳು.

“ಇನ್ನೊಂದ ಹಾಕವಾ.”

“ಸಪ್ಪಳ ಇಲ್ಲದ ರೊಟ್ಟಿರಿ ಅತ್ತಿ” ಎಂದಳು ಸೊಸೆ. ಕೈಯಲ್ಲಿ ರೊಟ್ಟಿಯ ಬುಟ್ಟಿ ಇತ್ತು, ಹಾಕಲಿಲ್ಲ.

“ಗೊತ್ತೈತಿ.”

“ನನಗ ಬಡಿಯಾಕ ಬರೂದಿಲ್ರಿ. ಇನ್ನ ಬರೂದೂ ಇಲ್ಲ.”

“ಬ್ಯಾಡ ಬಿಡು. ನಾನೂ ನಿನ್ನ ಹಿಂದ ನಿಂದ್ರೂದಿಲ್ಲ. ಕಾಶಿಯಾಗ ಬಿಟ್ಟು ಬಂದೇನಿ, ಗಂಗವ್ವನ ಸಾಕ್ಷಿ. ಬೇಕಂದ್ರ ಇವನ್ನ ಕೇಳು.”

ಎಲ್ಲರೂ ನನ್ನನ್ನು ನೋಡಿದರು. ನಾನು ನನ್ನ ನೌಕರಿಯಲ್ಲಿ ಎಂದೂ ಇಷ್ಟು ಗಂಭೀರವಾಗಿ ತಲೆ ಆಡಿಸಿದವನಲ್ಲ. ಸೊಸೆ ಸ್ವಲ್ಪ ಹೊತ್ತು ಅತ್ತೆಯ ಮುಖವನ್ನೇ ನೋಡಿದಳು. “ಮತ್ತ ಮಾವಿನಹಣ್ಣು ಬಿಡಲಿಲ್ಲೇನ್ರಿ?” ಎಂದಳು.

“ಅದನ್ನ ಬಿಟ್ಟಿದ್ರ ಹಗೂರ ಆಗ್ತಿತ್ತು” ಎಂದಳು ದೊಡ್ಡವ್ವ.

ಸೊಸೆ ನಕ್ಕಳು. ರೊಟ್ಟಿ ತಾಟಿಗೆ ಬಿತ್ತು. ಮರುದಿನ ಮೂವರೂ ಬಸ್ಸು ಹತ್ತಿದೆವು. ಸೊಸೆ ತವರಿನ ಲಟ್ಟಣಿಗೆಯನ್ನು ಚೀಲದ ಬಾಯಿಯಿಂದ ಕಾಣುವ ಹಾಗೆ ಇಟ್ಟುಕೊಂಡಿದ್ದಳು. ಗದ್ದಲದಲ್ಲಿ ಅದು ಯಾರಿಗೋ ಚುಚ್ಚಿ ಜಗಳ ಎದ್ದಾಗ ದೊಡ್ಡವ್ವ ಅದನ್ನು ಹಿರಿದು ತನ್ನ ಕೈಯಲ್ಲಿ ಹಿಡಿದುಕೊಂಡಳು. ಬಂಕಾಪುರದವರೆಗೂ ರಾಜದಂಡ ಹಿಡಿದವಳ ಹಾಗೆ ಕುಳಿತು ಬಂದಳು. ಆ ಸೀಟಿನ ಹತ್ತಿರ ಮತ್ತೆ ಯಾರೂ ಜಗಳ ತೆಗೆಯಲಿಲ್ಲ.

ಬಿಟ್ಟು ಬಂದದ್ದು ಅಂದೇ ಬಿಟ್ಟುಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಮೊದಲು ಸೊಸೆ ಒಲೆ ಹಚ್ಚಿದೊಡನೆ ದೊಡ್ಡವ್ವ ಅಡುಗೆಮನೆಯ ಕಡೆ ಬೆನ್ನು ಮಾಡಿ, ಗೋಡೆಯ ಕ್ಯಾಲೆಂಡರಿನ ಎದುರು ಕುಳಿತುಬಿಡುತ್ತಿದ್ದಳು. ಓದು ಬಾರದ ಆಕೆ ಆ ಕ್ಯಾಲೆಂಡರನ್ನು ನೋಡಿದಷ್ಟು ಪಂಚಾಂಗದವರೂ ನೋಡಿರಲಿಕ್ಕಿಲ್ಲ. ಲಟ್ಟಣಿಗೆ ಉರುಳುವ ಸದ್ದಿಗೆ ಆಕೆಯ ಬಲಗೈ ತೊಡೆಯ ಮೇಲೆ ತಾನಾಗಿಯೇ ತಾಳ ಹಾಕುತ್ತಿತ್ತು, ಬಡಿಯುವ ತಾಳ. ಆಮೇಲೆ ಅದೂ ನಿಂತಿತು. ಮುಂದೊಂದು ದಿನ ನೋಡಿದರೆ ಅತ್ತೆ ಸೊಸೆಯ ಪಕ್ಕದಲ್ಲಿ ಕುಳಿತು ಹಿಟ್ಟಿನ ಉಂಡೆ ಮಾಡಿ ಕೊಡುತ್ತಿದ್ದಳು. ತಮ್ಮ ಅಂಗಡಿಯಲ್ಲಿ ಮಲಗುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಆದರೆ ಕಿರಿಕಿರಿಯಿಲ್ಲದೆ ಮನುಷ್ಯ ಇರಲಿಕ್ಕಾಗುತ್ತದೆಯೇ? ಹಳೆಯದು ಖಾಲಿ ಮಾಡಿದ ಜಾಗಕ್ಕೆ ಹೊಸದು ಬಂತು. ದುಡಿಯುವವರ ಹಿಂದೆ ಕೈಕಟ್ಟಿ ನಿಂತು ನೋಡುವವರು ಆಕೆಗೆ ಸೇರದಾದರು. ಗೋಡೆ ಕಟ್ಟುವ ಗೌಂಡಿಯ ಹಿಂದೆ ನಿಂತು ‘ಇಟ್ಟಂಗಿ ಸೊಟ್ಟ ಆತು’ ಎನ್ನುವವರು, ಮಗನ ಅಂಗಡಿಯಲ್ಲಿ ಮೋಟಾರು ಬಿಚ್ಚುವಾಗ ಸುತ್ತ ನಿಂತು ಸಲಹೆ ಕೊಡುವವರು, ಎಲ್ಲರಿಗೂ ಒಂದೇ ಮಾತು: “ನಿಮಗ ಬರ್ತಿದ್ರ ಕುಂತು ಮಾಡ್ರಿ. ಬರದಿದ್ರ ನಡೀರಿ.” ನಾನು ಒಮ್ಮೆ ಹೆಂಡತಿಯ ಹಿಂದೆ ನಿಂತು ಒಗ್ಗರಣೆ ಸೀದಿತು ಎಂದದ್ದು ಗೋಡೆಯಾಚೆ ಕೇಳಿ, ಆ ಮಾತು ಗಿಡ್ಡ ಬಾಗಿಲಿನಿಂದ ನನ್ನ ಮೇಲೂ ಬಿತ್ತು.

ನಿವೃತ್ತನಾದ ಮೇಲೆ ನಾನೊಂದು ಸಂಜೆ ಆಕೆಯ ಮುಂದೆ ನನ್ನ ಗೋಳು ತೋಡಿಕೊಂಡೆ. ಬಸ್ಸಿನಲ್ಲಿ ಮೊಬೈಲಿನ ಸ್ಪೀಕರ್ ಹಚ್ಚಿ ಮಾತಾಡುವವರನ್ನು ಕಂಡರೆ ಮೈ ಉರಿಯುತ್ತದೆ ಎಂದೆ.

“ಮೊದಲ ನಿನಗ ಏನ ಸೇರತಿದ್ದಿಲ್ಲ?” ಎಂದು ಕೇಳಿದಳು.

“ಕಿಡಕಿಯಾಗಿಂದ ಟವೆಲ್ ಒಗದು ಸೀಟ್ ಹಿಡಿಯೋರು.”

“ಈಗ?”

“ಈಗ ಮೊಣಕಾಲು ನೋವು. ನಾನ ಒಗೀತೇನಿ.”

“ಹಂಗಾರ ಇದೂ ಹೋಗ್ತೈತಿ ತಗೊ” ಎಂದಳು ದೊಡ್ಡವ್ವ. “ಕಿವಿ ಮಂದ ಆಗೂತನ ತಡಿ.”

ಹೋದ ವರ್ಷ ಜೋಳದ ಸುಗ್ಗಿಯ ಹೊತ್ತಿನಲ್ಲಿ, ಹೆಚ್ಚು ನರಳದೆ, ಮಧ್ಯಾಹ್ನದ ಊಟ ಮಾಡಿ ಅಡ್ಡಾದವಳು ಏಳಲಿಲ್ಲ. ಕೊನೆಯ ತಿಂಗಳುಗಳಲ್ಲಿ ಹಲ್ಲಿಲ್ಲದ ಬಾಯಿಗೆ ಸೊಸೆ ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ಹಿಚುಕಿ ಕೊಡುತ್ತಿದ್ದಳು. ಕಿವಿ ನಿಜಕ್ಕೂ ಮಂದವಾಗಿದ್ದ ದೊಡ್ಡವ್ವನಿಗೆ ಆಗ ಎಲ್ಲ ರೊಟ್ಟಿಗಳೂ ಸದ್ದಿಲ್ಲದವೇ. ನನಗೋ, ಆಕೆಯಿಂದ ಬಂದ ಆಸ್ತಿ ಒಂದೇ. ಯಾರನ್ನಾದರೂ ಕಂಡು ಮೈ ಉರಿದಾಗ, ಈ ಕೆಂಡವನ್ನು ಮೊದಲು ನನ್ನ ಬೆನ್ನಿಗೆ ಇಟ್ಟವರು ಯಾರು ಎಂದು ಒಂದು ಕ್ಷಣ ಯೋಚಿಸುತ್ತೇನೆ. ಉರಿ ಪೂರಾ ಆರುವುದಿಲ್ಲ. ಆದರೆ ಚಹಾ ಕುಡಿಯುವಷ್ಟು ತಣ್ಣಗಾಗುತ್ತದೆ.

ಆಕೆ ತೀರಿದ ಮೇಲಿನ ದಿವಸದ ಊಟಕ್ಕೆ ನೆಂಟರೆಲ್ಲ ಬಂದಿದ್ದರು. ಪಂಕ್ತಿಯಲ್ಲಿ ನನ್ನ ಎದುರಿಗೆ ಕುಳಿತ ಹುಲಗೂರಿನ ಹಿರಿಯ ಅತ್ತೆಯೊಬ್ಬಳು ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು, ಅಂಚು ಸವರಿ, ಎಲ್ಲರಿಗೂ ಕೇಳುವ ಹಾಗೆ ಅಂದಳು:

“ಲಟ್ಟಿಸಿದ್ದೇನವಾ ಇದು? ಈ ಮನ್ಯಾಗ?”

ನನ್ನ ನಾಲಿಗೆಯ ತುದಿಗೆ ಏನೋ ಬಂದಿತ್ತು. ತಮ್ಮನೂ ಎದ್ದು ನಿಂತಿದ್ದ. ಸೊಸೆ ನಮ್ಮಿಬ್ಬರ ಕಡೆಗೂ ನೋಡಲಿಲ್ಲ. ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಆ ಅತ್ತೆಯ ಮುಂದೆ ಬಂದು ನಿಂತಳು.

“ಹೌದ್ರಿ. ನಮ್ಮತ್ತಿ ಕಡೀತನ ಇದನ್ನ ಉಂಡ್ರು” ಎಂದಳು. “ಬಿಸಿ ಐತ್ರಿ, ಅರ್ಧ ಹಾಕ್ಲಿ?”

ಹುಲಗೂರಿನ ಅತ್ತೆ ರೊಟ್ಟಿ ಮುರಿದು ಬಾಯಿಗಿಟ್ಟು, ಸಾವಕಾಶ ಅಗಿದು, ನುಂಗಿದಳು.

“ಅರ್ಧ ಯಾಕ?” ಎಂದಳು. “ಒಂದ ಹಾಕು.”